ಬಳಿಗೆ ಅಳತಿ ಐತಿ, ಮೌಸಿಗೆ ಯಾಕಿಲ್ಲ?

(1/7)
ರೋಣ, ನರಗುಂದ, ಗಜೇಂದ್ರಗಡ, ಯಾವ ಊರಿನ ಬಳಿ ಅಂಗಡಿಗೆ ಬೇಕಾದ್ರೂ ಹೋಗಿ ಕೈ ಚಾಚ್ರಿ. ಬಳಿಗಾರರು ಮುಂಗೈ ಒಮ್ಮೆ ಒತ್ತಿ ನೋಡಿ "ಎರಡ ನಾಕು", "ಎರಡ ಆರು" ಅಂತ ಅಳತಿ ಹೇಳಿಬಿಡ್ತಾರ. ಹಬ್ಬಕ್ಕ ಹಾಕ್ಕೊಳ್ಳೋ ಬಳಿಗೆ ಇಷ್ಟು ಕಾಳಜಿ. ದಿನಾ ನಾಕೈದು ತಾಸು ಹಿಡಿಯೋ ಮೌಸಿಗೆ? "ಗೇಮಿಂಗ್ ಮೌಸ್ ಐತಿ, ಏಳು ಬಣ್ಣದ ಲೈಟ್ ಬರ್ತೈತಿ, 12,000 ಡಿಪಿಐ ಐತಿ" ಅಂತ ಬಾಕ್ಸ್ ಕೊಟ್ಟು ರೊಕ್ಕ ಎಣಿಸಿಕೊಳ್ತಾರ. ನಿಮ್ಮ ಕೈ ಮಾತ್ರ ಯಾರೂ ನೋಡಂಗಿಲ್ಲ.

ನನ್ನ ವಾದ ಇಷ್ಟ: ಮೌಸ್ ತಗೊಳ್ಳುವಾಗ ಮೊದಲು ನೋಡಬೇಕಾದದ್ದು ಕೈ ಅಳತಿ. ಲೈಟು, ಡಿಪಿಐ, ಬ್ರ್ಯಾಂಡು ಎಲ್ಲಾ ಆಮ್ಯಾಲೆ. ಒಪ್ಪದವರು ಏಳೂ ಭಾಗ ಓದಿ ಬಂದು ಜಗಳಾಡ್ರಿ.

(2/7)
ಮೊದಲು ಡಿಪಿಐ ಅನ್ನೋ ದೊಡ್ಡ ನಂಬರಿನ ಗಾಳಿ ತೆಗೆಯೋಣ. ಮೌಸ್ ಒಂದು ಇಂಚು ಸರಿದರೆ ಕರ್ಸರ್ ಪರದೆಯ ಮೇಲೆ ಎಷ್ಟು ಪಿಕ್ಸೆಲ್ ಸರಿಯುತ್ತದೆ ಎಂಬುದೇ ಇದರ ಸರಳ ಅರ್ಥ. ಫುಲ್ ಎಚ್‌ಡಿ ಪರದೆ ಅಡ್ಡಕ್ಕೆ 1920 ಪಿಕ್ಸೆಲ್. ಡಿಪಿಐ 800 ಇದ್ದರೆ, 1920 ಅನ್ನು 800ರಿಂದ ಭಾಗಿಸಿ: 2.4 ಇಂಚು. ಅಂದರೆ ಕೈ ಸುಮಾರು 6 ಸೆಂ.ಮೀ. ಸರಿದರೆ ಈ ತುದಿಯಿಂದ ಆ ತುದಿ.

ಅದೇ 12,000 ಇಟ್ಟರೆ? 0.16 ಇಂಚು, ಸುಮಾರು 4 ಮಿ.ಮೀ. ಒಂದು ಬಿಳಿಜೋಳದ ಕಾಳಿನಷ್ಟು! ಕೈ ಕಾಳಿನಷ್ಟು ಅಲುಗಾಡಿದರೆ ಕರ್ಸರ್ ಪರದೆ ದಾಟಿ ಹೋಗಿರತೈತಿ. ಫೋಲ್ಡರ್ ಮ್ಯಾಲೆ ಕ್ಲಿಕ್ ಮಾಡೋದ ಕಷ್ಟ, ಇನ್ನ ಹೆಡ್‌ಶಾಟ್ ಎಲ್ಲಿಂದ ಬರಬೇಕು? ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್ ಆಡೋ ವೃತ್ತಿಪರ ಆಟಗಾರರಲ್ಲಿ ಬಹುಪಾಲು ಜನ 400ರಿಂದ 1600ರ ಒಳಗೇ ಇರ್ತಾರ. ನೀವು ರೊಕ್ಕ ಕೊಟ್ಟು ತಂದ ಉಳಿದ ಹತ್ತು ಸಾವಿರ ಡಿಪಿಐ ಬಾಕ್ಸ್ ಮ್ಯಾಲಿನ ಅಕ್ಷರ ಅಷ್ಟ.

(3/7)
ಈಗ ಕೈ ಅಳೀರಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಸ್ಕೇಲ್ ಇಡ್ರಿ. ಆ ಅಳತೆಯ ಸುಮಾರು 60 ಪರ್ಸೆಂಟ್ ಉದ್ದದ ಮೌಸ್ ಹುಡುಕ್ರಿ. ಇದು ಕಾನೂನಲ್ಲ, ಅಂದಾಜಿನ ಲೆಕ್ಕ. ಆದ್ರ ಲೈಟ್ ನೋಡಿ ತಗೊಳ್ಳೋದಕ್ಕಿಂತ ಸಾವಿರ ಪಾಲು ಮೇಲು.

ಮೂರು ಉದಾಹರಣೆ. ಲಾಜಿಟೆಕ್ ಎಂ185 ಸುಮಾರು 99 ಮಿ.ಮೀ. ಉದ್ದ: 16-17 ಸೆಂ.ಮೀ. ಕೈಗೆ. ಲಾಜಿಟೆಕ್ ಜಿ102 ಸುಮಾರು 117 ಮಿ.ಮೀ.: 19 ಸೆಂ.ಮೀ. ಆಸುಪಾಸಿನ ಕೈಗೆ. ರೇಝರ್ ಡೆತ್‌ಆಡರ್ ಎಸೆನ್ಶಿಯಲ್ 127 ಮಿ.ಮೀ.: 20 ದಾಟಿದ ದೊಡ್ಡ ಕೈಗೆ. ಇವನ್ನ ತಗೋರಿ ಅಂತ ನಾ ಹೇಳಾಕತ್ತಿಲ್ಲ. ಮೂರೂ "ಮೌಸ್" ಅನ್ನೋ ಒಂದ ಹೆಸರಿನಾಗ ಮಾರಾಟ ಆಗ್ತಾವು, ಆದ್ರ ಉದ್ದದಾಗ ಸುಮಾರು ಮೂರು ಸೆಂಟಿಮೀಟರ್ ಫರಕ್ ಐತಿ ಅಂತ ತೋರಿಸಿದೆ. ಅಷ್ಟು ಫರಕ್ ಇರೋ ಚಪ್ಪಲಿ ಹಾಕ್ಕೊಂಡು ಕಾಲೇಜಿಗೆ ಬರ್ತೀರೇನು?

(4/7)
"ಅಳತಿ ಸಾಕು, ನಂಗ ಆಟಕ್ಕ ಬೇಕು" ಅನ್ನೋರಿಗೆ ಈ ಭಾಗ. ಮೌಸ್ ಹಿಡಿಯುವ ರೀತಿ ಮುಖ್ಯವಾಗಿ ಮೂರು. ಪೂರ್ತಿ ಅಂಗೈ ಊರಿ ಹಿಡಿಯೋದು ಒಂದು. ಅಂಗೈ ಹಿಂಭಾಗ ಮಾತ್ರ ತಾಗಿಸಿ ಬೆರಳು ಬಾಗಿಸಿ ಹಿಡಿಯೋದು ಎರಡನೇದು. ಬರೀ ಬೆರಳ ತುದಿಯಲ್ಲಿ ಹಿಡಿಯೋದು ಮೂರನೇದು. ಅಂಗೈ ಊರೋರಿಗೆ ಬೆನ್ನು ಉಬ್ಬಿದ, ಉದ್ದನೆಯ ಮೌಸ್ ಬೇಕು. ಬೆರಳ ತುದಿಯವರಿಗೆ ಚಿಕ್ಕದು, ಹಗುರಾದದ್ದು ಬೇಕು. ಹೀಗಾಗಿ ನಿಮ್ಮ ದೋಸ್ತನ "ಬೆಸ್ಟ್ ಮೌಸ್" ನಿಮಗ ಬೆಸ್ಟ್ ಆಗಬೇಕಂತಿಲ್ಲ.

ಆಟಕ್ಕೆ ನಿಜವಾಗಿ ಉಪಯೋಗ ಆಗೋ ನಂಬರ್ ಒಂದೈತಿ: ಪೋಲಿಂಗ್ ರೇಟ್. ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ ಅನ್ನೋದು. 125 ಹರ್ಟ್ಸ್ ಅಂದರೆ 8 ಮಿಲಿಸೆಕೆಂಡಿಗೆ ಒಮ್ಮೆ, 1000 ಹರ್ಟ್ಸ್ ಅಂದರೆ 1 ಮಿಲಿಸೆಕೆಂಡಿಗೆ ಒಮ್ಮೆ. ಮೇಲೆ ಹೇಳಿದ ಜಿ102ನಲ್ಲೇ 1000 ಐತಿ, 85 ಗ್ರಾಂ ತೂಕ, ವೈರ್ ಇರೋದು. ಇದರ ಮುಂದ ರೊಕ್ಕ ಸುರಿಯೋ ಮೊದಲು ಕೈಗೆ ಹೊಂದತೈತೋ ಇಲ್ಲೋ ನೋಡ್ರಿ.

ಹಂಗ ವಿಂಡೋಸ್ ಮೌಸ್ ಸೆಟ್ಟಿಂಗ್ಸ್‌ನ್ಯಾಗ "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್" ಅಂತ ಒಂದು ಟಿಕ್ ಐತಿ. ಅದು ಆನ್ ಇದ್ದರೆ ಕೈಯ ವೇಗದ ಮೇಲೆ ಕರ್ಸರ್ ಓಡೋ ದೂರ ಬದಲಾಗತೈತಿ. ಗುರಿ ಇಡೋ ಆಟದವರು ಆಫ್ ಮಾಡಿ ಒಂದು ವಾರ ಆಡ್ರಿ. ಇದಕ್ಕ ಒಂದು ರೂಪಾಯಿನೂ ಖರ್ಚಿಲ್ಲ.

(5/7)
ಈಗ ಸಿಟ್ಟಿನ ಭಾಗ. ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. 60 ಮಂದಿಯ ಕ್ಲಾಸಿನಾಗ ಐದಾರು ಜನ ಆದ್ರು. ಅವರು ಲ್ಯಾಬಿನಾಗ ಏನ್ ಮಾಡ್ತಾರ? ಸುಮ್ನ ಬಲಗೈಲೆ ಹಿಡೀತಾರ. ಮೌಸ್ ಎಡಕ್ಕ ಎಳೆಯೋಣಂದ್ರ ವೈರ್ ಮುಟ್ಟಂಗಿಲ್ಲ. ಮುಟ್ಟಿದರೂ "ಸಿಸ್ಟಮ್ ಸೆಟ್ಟಿಂಗ್ ಮುಟ್ಟಬ್ಯಾಡ" ಅಂತ ಬೈಗುಳ.

ವಿಂಡೋಸ್‌ನಲ್ಲಿ ಎಡ-ಬಲ ಬಟನ್ ಅದಲು ಬದಲು ಮಾಡೋಕೆ ಅರ್ಧ ನಿಮಿಷ ಸಾಕು. ಲ್ಯಾಬ್ ಮುಗಿದ ಮ್ಯಾಲೆ ವಾಪಸ್ ಹಾಕಾಕ ಇನ್ನರ್ಧ ನಿಮಿಷ. ಇದರಾಗ ಸಿಸ್ಟಮ್ ಏನೂ ಕೆಡಂಗಿಲ್ಲ. ಆದ್ರ ಒಂದು ಎಚ್ಚರ: ಬಾಗಿದ ಆಕಾರದ ಡೆತ್‌ಆಡರ್ ತರದ್ದು ಬಲಗೈಗೇ ಮಾಡಿದ್ದು. ಎರಡೂ ಕಡೆ ಸಮ ಇರೋ ಎಷ್ಟೋ ಮೌಸ್‌ಗಳಲ್ಲೂ ಪಕ್ಕದ ಬಟನ್ ಬಲಗೈ ಹೆಬ್ಬೆರಳಿಗೇ ಇರ್ತಾವು. ಎಡಗೈಯವರು ತಗೊಳ್ಳೋ ಮೊದಲು ಫೋಟೋ ಎರಡೂ ಬದಿಯಿಂದ ನೋಡ್ರಿ.

ಚಿಕ್ಕ ಕೈಯ ಹುಡುಗಿಯರದೂ ಇದ ಕಥಿ. ದೊಡ್ಡ ಮೌಸ್ ಹಿಡಿದು ಬೆರಳು ಚಾಚಿ ಚಾಚಿ ಕ್ಲಿಕ್ ಮಾಡ್ತಾರ. ಪ್ರಾಕ್ಟಿಕಲ್ ಪರೀಕ್ಷೆಯಾಗ ನಿಧಾನ ಆದ್ರ "ಹುಡುಗ್ಯಾರಿಗೆ ಕಂಪ್ಯೂಟರ್ ಬರಂಗಿಲ್ಲ" ಅಂತ ನಗೋರು ಬ್ಯಾರೆ. ಬರಂಗಿಲ್ಲ ಅಲ್ರಿ, ಕೈಗೆ ಕೊಟ್ಟ ಸಾಮಾನು ಸರಿ ಇಲ್ಲ.

(6/7)
"ನಮಗ್ಯಾಕ ಇದೆಲ್ಲ, 300 ರೂಪಾಯಿದು ಸಾಕು" ಅನ್ನೋರ ಮಾತನ್ನ ನಾ ಅರ್ಧ ಒಪ್ತೀನಿ. ಸಾಕು, ಕೈಗೆ ಹೊಂದಿದರೆ! ಮೂರು ಸಾವಿರದ ತಪ್ಪು ಅಳತಿದಕ್ಕಿಂತ ಮುನ್ನೂರರ ಸರಿ ಅಳತಿದು ಮೇಲು. ಆನ್‌ಲೈನ್ ತರಿಸೋರು ಸಿಎಂ ಲೆಕ್ಕ ಕೊಟ್ಟಿರೋ ಪಟ್ಟಿ ಓದ್ರಿ, ವಾಪಸ್ ತಗೋತಾರೋ ಇಲ್ಲೋ ಮೊದಲ ನೋಡ್ರಿ.

ಮೌಸ್ ಒಂದೇ ಎಲ್ಲಾ ಮಾಡಂಗಿಲ್ಲ ಅನ್ನೋದೂ ಖರೆ. ಟೇಬಲ್ ಎತ್ತರ, ಪ್ಲಾಸ್ಟಿಕ್ ಕುರ್ಚಿ ತಗ್ಗು ಇದ್ದರೆ ಭುಜ ಮೇಲೇರಿ ಮಣಿಕಟ್ಟು ಟೇಬಲ್ ಅಂಚಿಗೆ ಒತ್ತತೈತಿ. ಕುರ್ಚಿ ಮ್ಯಾಲೆ ಕೌದಿ ಮಡಚಿ ಹಾಕಿ ಕುಂದರ್ರಿ; ಮೊಳಕೈ ಟೇಬಲ್ ಮಟ್ಟಕ್ಕೆ ಬರಲಿ. ಗಾಜಿನ ಟೇಬಲ್ ಮ್ಯಾಲೆ ಸಾಧಾರಣ ಮೌಸ್ ಸರಿ ಓಡಂಗಿಲ್ಲ, ಒಂದು ರಟ್ಟು ಇಡ್ರಿ. ನಮ್ಮ ಎರಿ ಮಣ್ಣಿನ ಧೂಳು ಕೆಳಗಿನ ಕಣ್ಣಿನಾಗ ಕೂತರೆ ಕರ್ಸರ್ ಕುಣೀತೈತಿ, ಒಣ ಬಟ್ಟೀಲೆ ಒರೆಸ್ರಿ.

ಬೆರಳು ಜುಮ್ ಅನ್ನೋದು, ಮರಗಟ್ಟೋದು, ರಾತ್ರಿ ಮಣಿಕಟ್ಟು ನೋಯೋದು ಇದ್ದರೆ ಹೊಸ ಮೌಸ್ ಹುಡುಕ್ತಾ ಕೂರಬ್ಯಾಡ್ರಿ. ಡಾಕ್ಟರ್ ಹತ್ರ ಹೋಗ್ರಿ. ಮೌಸ್ ಔಷಧ ಅಲ್ಲ.

(7/7)
ಕೊನೆಗೆ ಒಂದು ಹಳೇ ಸುದ್ದಿ. ಮೊದಲ ಮೌಸ್ 1964ರಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ತಂಡದಲ್ಲಿ ತಯಾರಾಯಿತು. ಕಟ್ಟಿಗೆ ಡಬ್ಬಿ, ಕೆಳಗೆ ಎರಡು ಗಾಲಿ, ಮೇಲೆ ಒಂದೇ ಬಟನ್. ಅದೇ ಬೇಕು ಅಂತ ಅವರು ಸುಮ್ಮನೆ ತೀರ್ಮಾನಿಸಲಿಲ್ಲ. ಲೈಟ್ ಪೆನ್, ಜಾಯ್‌ಸ್ಟಿಕ್, ಮೊಳಕಾಲಿನಿಂದ ನಡೆಸುವ ಸಾಧನ ಎಲ್ಲವನ್ನೂ ಜನರಿಗೆ ಕೊಟ್ಟು, ಎಷ್ಟು ಬೇಗ ಗುರಿ ಮುಟ್ಟುತ್ತಾರೆ, ಎಷ್ಟು ತಪ್ಪು ಮಾಡುತ್ತಾರೆ ಅಂತ ಅಳೆದರು. ಫಲಿತಾಂಶ 1967ರಲ್ಲಿ ಪ್ರಕಟವಾಯಿತು. ಹೀಗೆ ಜನರ ಕೈಗೆ ಕೊಟ್ಟು ನೋಡಿ ಆರಿಸಿದ ಸಾಮಾನನ್ನ ನಾವು ಈಗ ಕೈಯಾಗ ಹಿಡಿದು ನೋಡಾಕೂ ಬಿಡದ ಹಂಗ ಮಾರಾಕತ್ತೀವಿ.

ಹಂಗಾಗಿ ಕೇಳೋದು ಎರಡ. ಅಂಗಡಿಯವರು ಒಂದೊಂದು ಅಳತಿಯ ಒಂದೊಂದು ಮೌಸ್ ಬಾಕ್ಸಿನಿಂದ ಹೊರಗ ಇಡ್ಲಿ. ಲ್ಯಾಬಿನವರು ಮುಂದಿನ ಸಲ ತರಿಸುವಾಗ ಎಲ್ಲಾ ಒಂದ ಸೈಜ್ ತರಿಸದ, ಚಿಕ್ಕವೂ ಒಂದಷ್ಟು, ಉದ್ದ ವೈರಿನವೂ ಒಂದಷ್ಟು ತರಿಸ್ಲಿ.

ಇವತ್ತು ಕೈ ಅಳೆದು ಕಾಮೆಂಟ್‌ನ್ಯಾಗ ಹಾಕ್ರಿ: ಎಷ್ಟು ಸೆಂ.ಮೀ., ಎಡವೋ ಬಲವೋ. ಹೆಸರು ಬ್ಯಾಡ, ಊರು ಸಾಕು. ನಮ್ಮ ಕ್ಲಾಸಿನ ಪಟ್ಟಿ ತುಂಬಿದ ಮ್ಯಾಲೆ ಪ್ರಿಂಟ್ ತಗೊಂಡು ಎಲ್ಲಾರೂ ಕೂಡಿ ಲ್ಯಾಬ್ ಸರ್ ಹತ್ರ ಹೋಗೋಣ. ಬ್ಯಾರೆ ಕಾಲೇಜಿನವರು ನಿಮ್ಮದ ಪಟ್ಟಿ ಮಾಡ್ರಿ.

#ಕೈಅಳತಿಮೊದಲು #ರೋಣ #ನರಗುಂದ #ಗಜೇಂದ್ರಗಡ