ಏಳೂವರೆ ಗ್ರಾಮಿನ ಅಡಿಕೆ ಮತ್ತು ಸಂಖ್ಯಾಶಾಸ್ತ್ರದ ತರಗತಿ

ಶಿರಸಿಯ ಅಡಿಕೆ ವ್ಯಾಪಾರಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಒಂದೆರಡನ್ನು ಕತ್ತರಿಸಿ ನೋಡುತ್ತಾನೆ, ಟೆಂಡರಿಗೆ ದರ ಬರೆಯುತ್ತಾನೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಮಾಲು ಬೇರೆಯಾಗುವುದೂ ಕಣ್ಣು ಮತ್ತು ಕೈಯ ಪಳಗಿಕೆಯಿಂದಲೇ. ಮಾದರಿ ತೆಗೆದು ಇಡೀ ಲಾಟಿನ ಬಗ್ಗೆ ತೀರ್ಮಾನಕ್ಕೆ ಬರುವ ಈ ಕೆಲಸಕ್ಕೆ ಸಂಖ್ಯಾಶಾಸ್ತ್ರದಲ್ಲಿ ಗುಣಮಟ್ಟ ನಿಯಂತ್ರಣ ಎಂಬ ಒಂದು ಇಡೀ ಶಾಖೆಯೇ ಇದೆ. ಆದರೆ ಕಾಲೇಜಿನಲ್ಲಿ ಆ ಶಾಖೆಯನ್ನು ಓದುವ ಹುಡುಗ ಹುಡುಗಿಯರಿಗೆ ಸಿಗುವ ಲೆಕ್ಕಗಳೆಲ್ಲ ಬೋಲ್ಟಿನ ವ್ಯಾಸದವು, ಪಿಸ್ಟನ್ನಿನ ಉದ್ದದವು. ಕೋಷ್ಟಕ ನೋಡಿ ಸ್ಥಿರಾಂಕ ಹಾಕಿ, ನಿಯಂತ್ರಣ ನಕ್ಷೆಯ ಮೂರು ಗೆರೆ ಎಳೆದರೆ ಅಂಕ ಬಂತು. ಆ ಗೆರೆ ಯಾವ ನಿರ್ಧಾರಕ್ಕಾಗಿ ಎಂದು ಯಾರೂ ಕೇಳುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಊರುಗಳಲ್ಲಿ ಹೀಗಾಗಬೇಕಾದ ಕಾರಣವೇ ಇಲ್ಲ. ಈ ಮೂರು ತಾಲೂಕುಗಳಲ್ಲಿ ಬೆಳೆಯುವ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಆಗ ಹೇಳಲಾದ ಲಕ್ಷಣಗಳಲ್ಲಿ ಎರಡು ಅಂಕಿಗಳಿವೆ: ಒಣಗಿದ ಅಡಿಕೆಯ ಸರಾಸರಿ ತೂಕ 7.5 ಗ್ರಾಂ, ಸರಾಸರಿ ದಪ್ಪ 16 ಮಿ.ಮೀ. ಒಂದು ಸೆಮಿಸ್ಟರಿನ ಪಾಠಕ್ಕೆ ಇಷ್ಟು ಸಾಕು.

ಒಂದು ಚೀಲದಿಂದ ಐದು ಅಡಿಕೆ ತೂಗಿದಾಗ 7.1, 7.9, 7.4, 8.2, 6.9 ಗ್ರಾಂ ಬಂತೆನ್ನಿ. ಸರಾಸರಿ ಸರಿಯಾಗಿ 7.5. ಇನ್ನೊಂದು ಚೀಲದಿಂದ 5.2, 9.8, 7.5, 6.0, 9.0 ಬಂದರೆ ಅದರ ಸರಾಸರಿಯೂ 7.5. ಕಾಗದದ ಮೇಲೆ ಎರಡೂ ಒಂದೇ. ಕೈಗೆ ತೆಗೆದುಕೊಂಡವನಿಗೆ ಎರಡನೆಯದು ಬೆರಕೆ ಮಾಲು. ಮೊದಲನೆಯದರಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಅಂತರ 1.3 ಗ್ರಾಂ, ಎರಡನೆಯದರಲ್ಲಿ 4.6. ಸರಾಸರಿಗೊಂದು, ಅಂತರಕ್ಕೊಂದು ಎಂದು ಎರಡು ನಕ್ಷೆಗಳನ್ನು ಜೊತೆಯಾಗಿ ಬರೆಯುವುದು ಯಾಕೆ ಎಂಬುದು ಇಲ್ಲಿ ತಕ್ಷಣ ಅರ್ಥವಾಗುತ್ತದೆ. ಮೊದಲ ಕೊಯ್ಲಿನದನ್ನೂ ಕೊನೆಯ ಕೊಯ್ಲಿನದನ್ನೂ ಒಂದೇ ಮಾದರಿಗೆ ಸೇರಿಸಿದರೆ ನಕ್ಷೆ ಏನನ್ನೂ ಹೇಳದು ಎಂಬುದು ತೂಗಿ ನೋಡಿದವರಿಗೇ ಹೊಳೆಯುವ ಸಂಗತಿ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಇನ್ನೊಂದು ಜಾಗವಿದೆ. 7.5 ಗ್ರಾಂ ಎನ್ನುವುದು ಹೊರಗಿನಿಂದ ಬಂದ ಅಪೇಕ್ಷೆ. ನಕ್ಷೆಯ ಮೇಲಿನ, ಕೆಳಗಿನ ಗೆರೆಗಳಾದ ನಿಯಂತ್ರಣ ಮಿತಿಗಳು ಹುಟ್ಟುವುದು ಆ ತೋಟದ, ಆ ಅಂಗಳದ ಅಳತೆಗಳಿಂದಲೇ. ಇವೆರಡನ್ನೂ ಒಂದೇ ಎಂದುಕೊಂಡು ಪದವಿ ಪಡೆದವರು ಕಾರ್ಖಾನೆಗೆ ಹೋದ ಮೇಲೂ ಅದೇ ಗೊಂದಲ ಮುಂದುವರಿಯುತ್ತದೆ.

ಈ ನಿಯಂತ್ರಣ ನಕ್ಷೆಯನ್ನು ವಾಲ್ಟರ್ ಶೆವಾರ್ಟ್ ಮೊದಲು ಬರೆದದ್ದು 1924ರ ಮೇ ತಿಂಗಳಲ್ಲಿ, ಅಮೆರಿಕದ ಟೆಲಿಫೋನ್ ಉಪಕರಣಗಳ ಉದ್ಯಮದಲ್ಲಿ. ಅಡಿಕೆ ಬೆಳೆಗಾರರು ಶಿರಸಿಯಲ್ಲಿ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡು ಆಗ ಒಂದು ವರ್ಷವಾಗಿತ್ತು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ ಶೆವಾರ್ಟ್ ಭಾರತಕ್ಕೂ ಬಂದಿದ್ದರು. ಶಾಸ್ತ್ರ ನಮ್ಮಲ್ಲಿಗೆ ತಡವಾಗಿಯೇನೂ ಬರಲಿಲ್ಲ. ಕಾರ್ಖಾನೆಯ ಗೇಟು ದಾಟಿ ಹೊರಗೆ ಬರಲಿಲ್ಲ, ಅಷ್ಟೇ.

ಯಂತ್ರದಿಂದ ಬರುವ ಬೋಲ್ಟಿಗೂ ಮರದಿಂದ ಬರುವ ಅಡಿಕೆಗೂ ಹೋಲಿಕೆ ಎಲ್ಲಿ ಎಂಬ ಆಕ್ಷೇಪ ಸಹಜ. ಮಳೆ, ಕೊಳೆರೋಗ, ಬಿಸಿಲು ಯಾರ ಕೈಯಲ್ಲೂ ಇಲ್ಲ. ಆದರೆ ಶೆವಾರ್ಟ್ ಹೇಳಿದ್ದು ಏರುಪೇರೇ ಇರಬಾರದೆಂದಲ್ಲ, ಸದಾ ಇರುವ ಏರುಪೇರು ಯಾವುದು, ಹೊಸದಾಗಿ ಬಂದದ್ದು ಯಾವುದು ಎಂದು ಬೇರ್ಪಡಿಸಿ ನೋಡಿ ಎಂದು. ಹಳ್ಳಿಯ ಹಾಲಿನ ಡೇರಿಯಲ್ಲಿ ಇದು ದಿನಾ ಕಾಣುತ್ತದೆ. ನಿನ್ನೆ ಫ್ಯಾಟ್ 4.1, ಇಂದು 3.8. ಮನೆಯಾಕೆ ಗಾಬರಿಯಾಗಿ ಹಿಂಡಿ ಬದಲಿಸುತ್ತಾಳೆ, ನಾಳೆ 4.0 ಬಂದರೆ ಹೊಸ ಹಿಂಡಿಯದೇ ಮಹಿಮೆ ಎಂದುಕೊಳ್ಳುತ್ತಾಳೆ. ಪಾಸ್‌ಬುಕ್ಕಿನ ಒಂದು ತಿಂಗಳ ಅಂಕಿಗಳನ್ನು ಗ್ರಾಫಿಗೆ ಇಳಿಸಿ, ಆ 3.8 ಆಕಳಿನ ಎಂದಿನ ಏರಿಳಿತದೊಳಗೇ ಇದೆ ಎಂದು ಮಗಳು ತೋರಿಸಿಕೊಟ್ಟರೆ ಹಿಂಡಿಯ ದುಡ್ಡು ಉಳಿಯುತ್ತದೆ. ಅಂಕಿ ನಿಜವಾಗಿಯೂ ಗೆರೆ ದಾಟಿದ ದಿನ ಪಶುವೈದ್ಯರಿಗೆ ಹೇಳಿಕಳಿಸಲು ತಡವೂ ಆಗುವುದಿಲ್ಲ.

ಗುಣಮಟ್ಟ ನಿರ್ವಹಣೆಯ ತತ್ತ್ವಗಳನ್ನೂ ಹೀಗೆಯೇ ಕಲಿಸಬೇಕು. ‘ನಿರಂತರ ಸುಧಾರಣೆ’, ‘ಗ್ರಾಹಕನೇ ಮುಖ್ಯ’ ಎಂದು ಟಿಪ್ಪಣಿ ಬರೆಸುವುದರಿಂದ ಏನೂ ಆಗದು. ರಾಶಿ ಅಡಿಕೆಯ ಬಣ್ಣ ಕೆಟ್ಟದ್ದೇಕೆ ಎಂದು ಮೂವತ್ತು ವರ್ಷ ಅಡಿಕೆ ಬೇಯಿಸಿದವರೊಬ್ಬರನ್ನು ಕೂರಿಸಿಕೊಂಡು ಕಾರಣಗಳನ್ನು ಕವಲು ಕವಲಾಗಿ ತೋರಿಸುವ, ಗುಣಮಟ್ಟ ತಜ್ಞ ಇಶಿಕಾವಾ ಅವರ ಮೀನಿನ ಮೂಳೆಯ ಚಿತ್ರವನ್ನು ವಿದ್ಯಾರ್ಥಿಗಳು ಬರೆಯಲಿ: ಕಾಯಿ ಎಷ್ಟು ಬಲಿತಿತ್ತು, ಚೊಗರು ಎಷ್ಟು ಮಂದವಿತ್ತು, ಎಷ್ಟು ಹೊತ್ತು ಬೆಂದಿತು, ಎಷ್ಟು ದಿನ ಬಿಸಿಲು ಬಿತ್ತು. ಕೊನೆಗೆ ವಖಾರಿಯಲ್ಲಿ ಆರಿಸಿ ಬೇರೆ ಮಾಡುವುದರಿಂದ ಮಾಲು ಸುಧಾರಿಸದು, ಹಂಡೆಯ ಹತ್ತಿರ ಸುಧಾರಿಸಬೇಕು ಎಂಬುದು ಆ ಚಿತ್ರದಲ್ಲಿಯೇ ಕಾಣುತ್ತದೆ.

ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಅವರ ಅಂದಾಜಿನ ಪ್ರಕಾರ ಕೆಲಸದಲ್ಲಿನ ತೊಂದರೆಗಳಲ್ಲಿ ಶೇ. 94ರಷ್ಟು ವ್ಯವಸ್ಥೆಯದು, ಅದನ್ನು ಸರಿಪಡಿಸಬೇಕಾದವರು ಅದನ್ನು ನಡೆಸುವವರು. ಆದರೂ ಸುಲಿಯುವಾಗ ಅಡಿಕೆ ಒಡೆದರೆ ಬೈಗುಳ ಬೀಳುವುದು ಸುಲಿಯುವ ಹೆಂಗಸರಿಗೆ. ಕೂಲಿ ಸುಲಿದಷ್ಟಕ್ಕೆ ಸಿಗುವುದಾದರೆ, ಬೆಳಕು ಸಾಲದ ಜಗಲಿಯಲ್ಲಿ ರಾತ್ರಿ ಹೊತ್ತಿನವರೆಗೆ ಕೂರಬೇಕಾದರೆ ಕೈ ಅವಸರ ಮಾಡುತ್ತದೆ. ಒಡೆದ ಅಡಿಕೆಯ ಪ್ರಮಾಣವನ್ನು ದಿನವೂ ಗುರುತಿಸಿದ ವಿದ್ಯಾರ್ಥಿನಿಗೆ ಅದು ಎಲ್ಲರ ಬುಟ್ಟಿಯಲ್ಲೂ ಒಂದೇ ಮಿತಿಯೊಳಗೆ ಇದ್ದದ್ದು ಕಂಡರೆ, ಆಕೆ ತನ್ನ ವರದಿಯಲ್ಲಿ ಬರೆಯಬೇಕಾದದ್ದು ಯಾರ ಹೆಸರನ್ನೂ ಅಲ್ಲ, ಕೂಲಿಯ ಲೆಕ್ಕ ಮತ್ತು ಜಗಲಿಯ ದೀಪದ ಬಗ್ಗೆ.