ಬದಲಾದವರು ಯಾರು?

ಅಂಕಗಳ ರಿಜಿಸ್ಟರಿನಲ್ಲಿ ತಿದ್ದುಪಡಿ ಮಾಡುವಾಗ ಉಪಾಧ್ಯಾಯರು ಹಳೆಯ ಅಂಕದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಿಂದ ಹೊಸ ಅಂಕ ಬರೆದು ಸಹಿ ಹಾಕುತ್ತಾರೆ. ಆರು ತಿಂಗಳ ನಂತರ ಪುಸ್ತಕ ತೆರೆದರೂ ಯಾರ ಅಂಕ ಬದಲಾಯಿತು, ಎಷ್ಟಿದ್ದುದು ಎಷ್ಟಾಯಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಗಣಕಯಂತ್ರದಲ್ಲಿ ಹಾಗಲ್ಲ. 34 ಇದ್ದ ಕಡೆ 35 ಎಂದು ಬರೆಸಿದರೆ, ಅಲ್ಲಿ 34 ಇತ್ತೆಂಬ ಗುರುತೇ ಕೋಷ್ಟಕದಲ್ಲಿ ಉಳಿಯುವುದಿಲ್ಲ. ಹಾಗಾದರೆ ಬದಲಾದ ಸಾಲುಗಳನ್ನು ಮರಳಿ ಪಡೆಯುವುದು ಹೇಗೆ?

ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಕೋಷ್ಟಕವಾಗಿ ಇಡುವ ವಿಧಾನವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಂಡಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಯಿತು. ಇದರಲ್ಲಿ ಸಾಲುಗಳನ್ನು ಓದಲು 'ಸೆಲೆಕ್ಟ್', ಬದಲಿಸಲು 'ಅಪ್‌ಡೇಟ್' ಎಂಬ ಆಜ್ಞೆಗಳಿವೆ. ಬದಲಿಸುವ ಆಜ್ಞೆ ಕೊಟ್ಟಾಗ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಸಂಖ್ಯೆ ಮಾತ್ರ: '5 ಸಾಲುಗಳು ಬದಲಾದವು'. ಯಾವ ಐದು ಎಂಬುದನ್ನು ಅದು ಹೇಳುವುದಿಲ್ಲ.

ಒಂದು ತರಗತಿಯಲ್ಲಿ 40 ಮಕ್ಕಳಿದ್ದಾರೆ, ತೇರ್ಗಡೆಗೆ 35 ಅಂಕ ಬೇಕು ಎಂದು ಭಾವಿಸಿ. 30ರಿಂದ 34ರವರೆಗೆ ಪಡೆದವರು ಐದು ಮಂದಿ. ಅವರಿಗೆ ಕೃಪಾಂಕ ನೀಡಿ 35ಕ್ಕೆ ಏರಿಸಿ, ಆ ವಿಷಯವನ್ನು ತಂದೆ ತಾಯಂದಿರಿಗೆ ಪತ್ರ ಮೂಲಕ ತಿಳಿಸಬೇಕು. ಪ್ರೋಗ್ರಾಂ ಬರೆಯುವ ಹೊಸಬ ಮೊದಲು ಅಂಕ ಬದಲಿಸುತ್ತಾನೆ, ನಂತರ '35 ಅಂಕ ಇರುವವರು ಯಾರು?' ಎಂದು ಕೇಳುತ್ತಾನೆ. ಎಂಟು ಹೆಸರು ಬರುತ್ತವೆ! ಏಕೆಂದರೆ ಮೂವರು ಮಕ್ಕಳು ತಮ್ಮ ಸ್ವಂತ ಶ್ರಮದಿಂದಲೇ 35 ಪಡೆದಿದ್ದರು. ರಾತ್ರಿಯೆಲ್ಲ ಓದಿ ಗಡಿ ದಾಟಿದ ಮಗುವಿನ ಮನೆಗೂ 'ಕೃಪಾಂಕದಿಂದ ತೇರ್ಗಡೆ' ಎಂಬ ಪತ್ರ ಹೋಗುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಹಾಗಾದರೆ ಮೊದಲೇ ಪಟ್ಟಿ ಮಾಡಿಕೊಂಡು ಆಮೇಲೆ ಬದಲಿಸಿದರಾಯಿತಲ್ಲ ಎನ್ನಬಹುದು. ಇಲ್ಲಿಯೂ ಒಂದು ತೊಡಕಿದೆ. ಒಂದೇ ದತ್ತಸಂಚಯವನ್ನು ಹಲವರು ಏಕಕಾಲದಲ್ಲಿ ಬಳಸುತ್ತಿರುತ್ತಾರೆ. ಪಟ್ಟಿ ಮಾಡಿದ ಮೇಲೆ, ಬದಲಿಸುವ ಮುನ್ನ, ಇನ್ನೊಂದು ಕೊಠಡಿಯಲ್ಲಿ ಕುಳಿತ ಉಪಾಧ್ಯಾಯರು ಮರುಎಣಿಕೆ ಮಾಡಿ ಒಬ್ಬನ 34ನ್ನು 38 ಎಂದೂ, ಇನ್ನೊಬ್ಬಳ 28ನ್ನು 31 ಎಂದೂ ತಿದ್ದಿದರೆ? ಹುಡುಗನಿಗೆ ಕೃಪಾಂಕ ಸಿಗದಿದ್ದರೂ ಪತ್ರ ಹೋಗುತ್ತದೆ; ಹುಡುಗಿಗೆ ಕೃಪಾಂಕ ಸಿಕ್ಕರೂ ಪತ್ರ ಹೋಗುವುದಿಲ್ಲ. ಎರಡು ಆಜ್ಞೆಗಳ ನಡುವಿನ ಅಂತರ ಕ್ಷಣಮಾತ್ರದ್ದಾದರೂ ತಪ್ಪು ನುಸುಳಲು ಅಷ್ಟು ಸಾಕು.

ಪರಿಹಾರವೆಂದರೆ, ಬದಲಿಸುವ ಆಜ್ಞೆಯಲ್ಲೇ ಉತ್ತರವನ್ನೂ ಕೇಳುವುದು. 'ಅಂಕ 30ರಿಂದ 34ರವರೆಗೆ ಇರುವ ಸಾಲುಗಳಲ್ಲಿ ಅಂಕವನ್ನು 35 ಮಾಡು. ಹಾಗೆ ಮಾಡಿದ ಸಾಲುಗಳ ನೋಂದಣಿ ಸಂಖ್ಯೆಯನ್ನು ಹಿಂತಿರುಗಿಸು' ಎಂದು ಒಂದೇ ಉಸಿರಿನಲ್ಲಿ ಹೇಳುವುದು. ಇದಕ್ಕಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 2006ರಿಂದಲೂ, ಎಸ್‌ಕ್ಯೂಲೈಟ್‌ನಲ್ಲಿ 2021ರಿಂದಲೂ 'ರಿಟರ್ನಿಂಗ್' ಎಂಬ ಪದವಿದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರ ಆವೃತ್ತಿಯಿಂದ 'ಔಟ್‌ಪುಟ್' ಎಂಬ ಪದ ಅದೇ ಕೆಲಸ ಮಾಡುತ್ತದೆ. ಅದು ಹಳೆಯ ಅಂಕವನ್ನೂ ಹೊಸ ಅಂಕವನ್ನೂ ಒಟ್ಟಿಗೇ ಕೊಡಬಲ್ಲದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಈ ಸೌಲಭ್ಯ 2025ರಲ್ಲಿ, 18ನೇ ಆವೃತ್ತಿಯಲ್ಲಿ ಬಂದಿತು. ಎಷ್ಟು ಕೃಪಾಂಕ ಕೊಟ್ಟೆವೆಂದು ಪತ್ರದಲ್ಲಿ ಬರೆಯಬೇಕಾದರೆ ಹಳೆಯ ಅಂಕವೂ ಬೇಕೇ ಬೇಕಲ್ಲವೆ?

ಮೈಎಸ್‌ಕ್ಯೂಎಲ್‌ನಲ್ಲಿ 'ರಿಟರ್ನಿಂಗ್' ಇಲ್ಲ. ಅಲ್ಲಿ ಇಡೀ ಕೆಲಸವನ್ನು ಒಂದು ಟ್ರಾನ್ಸಾಕ್ಷನ್ ಆಗಿ ಕಟ್ಟಬೇಕು. 'ಸೆಲೆಕ್ಟ್' ಆಜ್ಞೆಯ ಕೊನೆಯಲ್ಲಿ 'ಫಾರ್ ಅಪ್‌ಡೇಟ್' ಎಂದು ಸೇರಿಸಿದರೆ ಆಯ್ದ ಸಾಲುಗಳಿಗೆ ಬೀಗ ಬೀಳುತ್ತದೆ. ಬೇರೆಯವರು ಅವನ್ನು ತಿದ್ದಲಾರರು. ನಂತರ ಅದೇ ನೋಂದಣಿ ಸಂಖ್ಯೆಗಳನ್ನು ಹೆಸರಿಸಿ ಅಂಕ ಬದಲಿಸಿ, 'ಕಮಿಟ್' ಹೇಳಿ ಬೀಗ ತೆಗೆಯಬೇಕು.

ಉತ್ತರವನ್ನು ಸ್ವೀಕರಿಸುವ ಪ್ರೋಗ್ರಾಂ ಕೂಡ ಎಚ್ಚರದಿಂದಿರಬೇಕು. ಪೈಥಾನ್ ಭಾಷೆಯಲ್ಲಿ 'ಫೆಚ್‌ಒನ್' ಎಂದರೆ ಒಂದೇ ಸಾಲು ಕೈಗೆ ಬರುತ್ತದೆ, ಉಳಿದ ನಾಲ್ವರು ಅಲ್ಲಿಯೇ ಉಳಿದುಬಿಡುತ್ತಾರೆ. ಎಲ್ಲರೂ ಬೇಕಾದರೆ 'ಫೆಚ್‌ಆಲ್' ಎನ್ನಬೇಕು. ಜಾವಾದಲ್ಲಿ 'ಎಕ್ಸಿಕ್ಯೂಟ್‌ಅಪ್‌ಡೇಟ್' ಕೊಡುವುದು ಎಣಿಕೆಯನ್ನು ಮಾತ್ರ. ಸಾಲುಗಳು ಬೇಕಾದಾಗ 'ಎಕ್ಸಿಕ್ಯೂಟ್‌ಕ್ವೆರಿ' ಬಳಸಿ ಒಂದೊಂದಾಗಿ ಕೊನೆಯವರೆಗೂ ಓದಬೇಕು. ಸಾಲುಗಳು ನೋಂದಣಿ ಸಂಖ್ಯೆಯ ಕ್ರಮದಲ್ಲೇ ಬರುತ್ತವೆಂಬ ಭರವಸೆಯಿಲ್ಲ. ಕ್ರಮ ಬೇಕಿದ್ದರೆ ಪ್ರೋಗ್ರಾಂನಲ್ಲೇ ಜೋಡಿಸಿಕೊಳ್ಳಬೇಕು. ಮತ್ತೊಂದು ಮಾತು: 'ಕಮಿಟ್' ಆಗುವ ಮುನ್ನ ಪತ್ರ ಕಳುಹಿಸಬಾರದು. ನಡುವೆ ಅಡಚಣೆಯಾಗಿ ಕೆಲಸ ರದ್ದಾದರೆ ಅಂಕ ಹಿಂದಿನಂತೆಯೇ ಉಳಿಯುತ್ತದೆ, ಪತ್ರ ಮಾತ್ರ ಮನೆ ಸೇರಿರುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎಸ್‌ಕ್ಯೂಲೈಟ್ ಉಚಿತವಾಗಿ ದೊರೆಯುತ್ತದೆ. ಎಂಟು ಸಾಲುಗಳ ಕೋಷ್ಟಕ ರಚಿಸಿ: ಐದರಲ್ಲಿ 30ರಿಂದ 34ರೊಳಗಿನ ಅಂಕ, ಮೂರರಲ್ಲಿ 35. ಮೊದಲು ಬದಲಿಸಿ, ನಂತರ 35 ಇರುವವರನ್ನು ಕೇಳಿ. ಆಮೇಲೆ ಹಳೆಯ ಅಂಕಗಳನ್ನು ಮತ್ತೆ ತುಂಬಿ, 'ರಿಟರ್ನಿಂಗ್' ಸೇರಿಸಿ ಬದಲಿಸಿ. ಒಮ್ಮೆ ಎಂಟು, ಇನ್ನೊಮ್ಮೆ ಐದು ಸಾಲುಗಳು ಬರುತ್ತವೆ. ಆ ಮೂರರ ವ್ಯತ್ಯಾಸವೇ ತಾವಾಗಿ ತೇರ್ಗಡೆಯಾದ ಮೂವರು ಮಕ್ಕಳು.