ಅಥೆನ್ಸಿನ ಬಡವರೂ ರಾಜ್ಯಾಧಿಕಾರವೂ

ಪ್ರಜಾಪ್ರಭುತ್ವದ ಹೆಸರೆತ್ತಿದೊಡನೆ ಅಥೆನ್ಸ ನಗರವನ್ನು ನೆನೆಯುವದು ನಮ್ಮ ವಿದ್ಯಾವಂತರಲ್ಲಿ ವಾಡಿಕೆಯಾಗಿದೆ. ಸೋಲನ್ ಎಂಬ ಜ್ಞಾನಿಯು ಶಾಸನವನ್ನು ಬರೆದನು, ಪೆರಿಕ್ಲೀಸನು ವೈಭವವನ್ನು ತಂದನು, ಜನರು ಸ್ವತಂತ್ರರಾಗಿ ಬಾಳಿದರು. ಇಷ್ಟು ಹೇಳಿ ನಾವು ಪಾಠವನ್ನು ಮುಗಿಸಿಬಿಡುತ್ತೇವೆ. ಆದರೆ ಅಧಿಕಾರವೆಂಬದು ಜ್ಞಾನಿಯೊಬ್ಬನು ಕೈಯೆತ್ತಿ ಹಂಚಿದ ಪ್ರಸಾದವೆ? ಬಡವನ ಕೈಗೆ ಅದು ಹೇಗೆ ಬಂದಿತು, ಬಂದುದು ಹೇಗೆ ನಿಂತಿತು, ನಿಂತುದು ಹೇಗೆ ಹೋಯಿತು ಎಂಬದನ್ನು ವಿಚಾರಿಸದೆ ಆ ಇತಿಹಾಸವನ್ನು ಓದಿ ಫಲವಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು: ಶಾಸನದಲ್ಲಿ ಬರೆದ ಹಕ್ಕು ಬೇರೆ, ಕೈಯಲ್ಲಿರುವ ಅಧಿಕಾರ ಬೇರೆ. ಇವೆರಡರ ನಡುವಣ ಅಂತರವನ್ನು ತುಂಬುವದು ಅನ್ನ.

ಕ್ರಿಸ್ತಪೂರ್ವ ಏಳನೆಯ ಶತಮಾನದ ಕೊನೆಗೆ ಅಥೆನ್ಸಿನ ಸ್ಥಿತಿ ಏನಿದ್ದಿತು? ಅರಿಸ್ಟಾಟಲನ ಹೆಸರಿನಿಂದ ನಡೆದುಬಂದ ‘ಅಥೆನ್ಸಿನ ರಾಜ್ಯವ್ಯವಸ್ಥೆ’ ಎಂಬ ಗ್ರಂಥವು ಈಜಿಪ್ತಿನ ಪಪೈರಸ್ ಸುರುಳಿಗಳಲ್ಲಿ ದೊರೆತು 1891ರಲ್ಲಿ ಅಚ್ಚಾಯಿತು. ಅದು ಹೇಳುವ ಮಾತು ಸ್ಪಷ್ಟವಾಗಿದೆ: ಭೂಮಿಯೆಲ್ಲ ಕೆಲವರ ಕೈಯಲ್ಲಿದ್ದಿತು, ಆರನೆಯ ಪಾಲಿನ ಲೆಕ್ಕದಿಂದ ಉಳುವ ಒಕ್ಕಲಿಗರು ಗೇಣಿಯನ್ನು ಸಲ್ಲಿಸದಿದ್ದರೆ ಅವರೂ ಅವರ ಮಕ್ಕಳೂ ಸಾಲಗಾರನ ಸೊತ್ತಾಗುತ್ತಿದ್ದರು. ದೇಹವೇ ಒತ್ತೆ. ಎಷ್ಟೋ ಜನರು ಪರದೇಶಕ್ಕೆ ಮಾರಲ್ಪಟ್ಟರು. ಕ್ರಿ. ಪೂ. 594ರಲ್ಲಿ ಅಧಿಕಾರಕ್ಕೆ ಬಂದ ಸೋಲನನು ಆ ಸಾಲಗಳನ್ನು ರದ್ದುಪಡಿಸಿ, ದೇಹದ ಮೇಲೆ ಸಾಲ ಕೊಡುವದನ್ನೇ ನಿಷೇಧಿಸಿದನು. ‘ಭಾರವನ್ನು ಕೊಡವಿದ್ದು’ ಎಂದು ಜನರು ಅದಕ್ಕೆ ಹೆಸರಿಟ್ಟರು. ಆದರೆ ಭೂಮಿಯನ್ನು ಮಾತ್ರ ಅವನು ಹಂಚಲಿಲ್ಲ.

ಅಧಿಕಾರವನ್ನಾದರೂ ಹಂಚಿದನೆ? ಅರ್ಧ ಹಂಚಿದನೆನ್ನಬೇಕು. ಅಲ್ಲಿಯವರೆಗೆ ಕುಲೀನರಿಗೆ ಮೀಸಲಾಗಿದ್ದ ಪದವಿಗಳಿಗೆ ಅವನು ಹೊಲದ ಉತ್ಪನ್ನವನ್ನು ಅಳತೆಯಾಗಿ ಇಟ್ಟನು. 500 ಅಳತೆ ಬೆಳೆಯುವವರು, 300 ಬೆಳೆಯುವವರು, 200 ಬೆಳೆಯುವವರು, ಅದಕ್ಕೂ ಕಡಿಮೆಯಾದ ‘ಥೀಟ’ರೆಂಬ ಕೂಲಿಕಾರರು ಎಂದು ನಾಲ್ಕು ವರ್ಗಗಳಾದವು. ಹುಟ್ಟಿನ ಬದಲು ಹುಟ್ಟುವಳಿಯು ಅಳತೆಗೋಲಾಯಿತು. ನಾಲ್ಕನೆಯ ವರ್ಗದವರಿಗೆ ಯಾವ ಪದವಿಯೂ ಇಲ್ಲ. ಸಭೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಕುಳಿತುಕೊಳ್ಳಬಹುದು, ಅಷ್ಟೆ.

ಈ ‘ಅಷ್ಟೆ’ ಎಂಬ ಮಾತಿನಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ. ಮೇಲೆ ಹೇಳಿದ ಗ್ರಂಥಕಾರನು ಸೋಲನನ ಶಾಸನಗಳಲ್ಲಿ ಜನಸಾಮಾನ್ಯರಿಗೆ ಅತ್ಯಂತ ಅನುಕೂಲವಾದವು ಯಾವವೆಂದು ಎಣಿಸುವಾಗ ಮೂರನ್ನು ಹೇಳುತ್ತಾನೆ: ದೇಹವನ್ನು ಒತ್ತೆಯಿಡಕೂಡದು, ಅನ್ಯಾಯಕ್ಕೊಳಗಾದವನ ಪರವಾಗಿ ಯಾರು ಬೇಕಾದರೂ ಫಿರ್ಯಾದು ಮಾಡಬಹುದು, ಅಧಿಕಾರಿಯ ತೀರ್ಪಿನ ಮೇಲೆ ಜನರ ನ್ಯಾಯಾಲಯಕ್ಕೆ ಹೋಗಬಹುದು. ನ್ಯಾಯಾಲಯದ ಮತವು ಯಾರದೋ ರಾಜ್ಯವೂ ಕಡೆಗೆ ಅವರದೇ ಆಗುವದೆಂದು ಅವನ ಅಭಿಪ್ರಾಯ. ವಕೀಲನಾದ ನನಗೆ ಈ ಮಾತಿನ ಸತ್ಯವು ದಿನದಿನಕ್ಕೂ ಕಾಣುತ್ತಿರುವದು.

ಆದರೆ ಅದೇ ವೃತ್ತಿಯು ಇನ್ನೊಂದು ಸಂಗತಿಯನ್ನೂ ಕಲಿಸಿದೆ. ಒಮ್ಮೆ ನನ್ನ ಕಕ್ಷಿಗಾರನಾದ ಒಬ್ಬ ಕೂಲಿಕಾರನು, ತನ್ನ ಪಕ್ಷವು ಸತ್ಯವಾಗಿದ್ದರೂ, ನಾಲ್ಕನೆಯ ತಾರೀಖಿಗೆ ಬರಲೇ ಇಲ್ಲ. ಕಾರಣ ಕೇಳಿದರೆ, “ಸ್ವಾಮೀ, ಬಂದ ದಿನವೆಲ್ಲ ಮನೆಯಲ್ಲಿ ಒಲೆ ಹೊತ್ತುವದಿಲ್ಲ” ಎಂದನು. ಹಕ್ಕು ಇದ್ದಿತು, ಅದನ್ನು ಅನುಭವಿಸುವ ಬಿಡುವು ಇರಲಿಲ್ಲ. ಸೋಲನನ ಥೀಟನ ಗತಿಯೂ ಇದೇ. ಪೀಠ ತೆರೆದಿದ್ದಿತು, ಕುಳಿತುಕೊಂಡವನ ಅಂದಿನ ಊಟವನ್ನು ಕೊಡುವವರು ಯಾರು?

ಅವನ ಭಾಗ್ಯದ ಬಾಗಿಲು ತೆರೆದದ್ದು ಸಮುದ್ರದ ಕಡೆಯಿಂದ. ಕ್ರಿ. ಪೂ. 508ರ ಸುಮಾರಿಗೆ ಕ್ಲೈಸ್ಥನೀಸನು ಊರು, ಕರಾವಳಿ, ಒಳನಾಡುಗಳನ್ನು ಬೆರೆಸಿ ಹತ್ತು ಗಣಗಳನ್ನು ಮಾಡಿ, 500 ಜನರ ಮಂಡಲಿಯನ್ನು ಸ್ಥಾಪಿಸಿ ಕುಲೀನ ಮನೆತನಗಳ ಹಿಡಿತವನ್ನು ಸಡಿಲಿಸಿದ್ದನು. ಕ್ರಿ. ಪೂ. 483ರಲ್ಲಿ ಲಾರಿಯನ್ ಗಣಿಯ ಬೆಳ್ಳಿಯಿಂದ ಬೊಕ್ಕಸ ತುಂಬಿದಾಗ, ಅದನ್ನು ತಲೆಗಿಷ್ಟೆಂದು ಹಂಚಿಕೊಳ್ಳದೆ ಯುದ್ಧನೌಕೆಗಳನ್ನು ಕಟ್ಟಬೇಕೆಂದು ಥೆಮಿಸ್ಟೊಕ್ಲೀಸನು ಜನರನ್ನು ಒಪ್ಪಿಸಿದನು. 480ರಲ್ಲಿ ಸಲಾಮಿಸಿನ ಜಲಸಂಧಿಯಲ್ಲಿ ಪಾರಸಿಕ ಚಕ್ರವರ್ತಿಯ ನೌಕಾಬಲವನ್ನು ಮುರಿದ ಗ್ರೀಕ ಹಡಗುಗಳಲ್ಲಿ ಸುಮಾರು 200 ಅಥೆನ್ಸಿನವು. ಒಂದೊಂದಕ್ಕೆ ಹುಟ್ಟು ಹಾಕುವವರು 170 ಜನ. ಕುದುರೆ ಕಟ್ಟಲು ಶ್ರೀಮಂತನಾಗಬೇಕು, ಕವಚ ತೊಡಲು ಹೊಲವುಳ್ಳವನಾಗಬೇಕು. ಹುಟ್ಟು ಹಿಡಿಯಲು ಎರಡು ತೋಳುಗಳಿದ್ದರೆ ಸಾಕು. ಬಡವನ ತೋಳಿಲ್ಲದೆ ರಾಜ್ಯವು ಬದುಕಲಾರದೆಂಬದು ಅಂದು ಸಿದ್ಧವಾಯಿತು. ಇದನ್ನು ಬಡವರ ಸ್ನೇಹಿತರು ಹೇಳಿದರೆ ಸಾಲದು, ಶತ್ರುವೇ ಒಪ್ಪಿಕೊಂಡಿದ್ದಾನೆ: ಕ್ಸೆನೊಫೋನನ ಕೃತಿಗಳ ಜತೆಗೆ ಉಳಿದುಬಂದ ಒಂದು ಪ್ರಬಂಧದ ಅಜ್ಞಾತ ಕರ್ತೃವು ಪ್ರಜಾಸತ್ತೆಯನ್ನು ಮನಸಾರೆ ದ್ವೇಷಿಸಿದರೂ, ಹಡಗುಗಳನ್ನು ನಡೆಸಿ ನಗರಕ್ಕೆ ಬಲ ಕೊಡುವವರು ಬಡವರಾದುದರಿಂದ ಅವರಿಗೆ ಹೆಚ್ಚಿನ ಪಾಲು ಸಲ್ಲುವದು ನ್ಯಾಯವೆಂದು ಬರೆದಿದ್ದಾನೆ.

ಮುಂದೆ 462ರಲ್ಲಿ ಎಫಿಯಾಲ್ಟೀಸನು ಹಳೆಯ ಅಧಿಕಾರಿಗಳ ಕೂಟವಾದ ಅರಿಯೋಪಾಗಸ್ಸಿನ ಅಧಿಕಾರಗಳನ್ನು ಕಿತ್ತು ಸಭೆಗೂ ಮಂಡಲಿಗೂ ನ್ಯಾಯಾಲಯಗಳಿಗೂ ಕೊಟ್ಟನು; ಸ್ವಲ್ಪ ಕಾಲದಲ್ಲಿಯೇ ಕೊಲೆಯಾದನು. ಅವನ ಬಳಿಕ ಪೆರಿಕ್ಲೀಸನು ನ್ಯಾಯಪೀಠದಲ್ಲಿ ಕೂಡುವವರಿಗೆ ದಿನಭತ್ತೆಯನ್ನು ಏರ್ಪಡಿಸಿದನು. ವರ್ಷಕ್ಕೆ 6000 ಪಂಚರು ಚೀಟಿಯಿಂದ ಆಯಲ್ಪಡುತ್ತಿದ್ದರು. ಕ್ಲಿಯೋನನ ಕಾಲಕ್ಕೆ ಭತ್ತೆಯು ಮೂರು ಒಬಲಗಳಾಯಿತು. ಆ ಶತಮಾನದ ಕೊನೆಗೆ ಕುಶಲ ಕೆಲಸಗಾರನ ದಿನಗೂಲಿಯು ಆರು ಒಬಲ, ಅಂದರೆ ಒಂದು ದ್ರಾಕ್ಮವಿದ್ದಿತು. ಅರ್ಧ ಕೂಲಿ! ಇದರಿಂದ ಜನರು ಸೋಮಾರಿಗಳೂ ಲೋಭಿಗಳೂ ಆದರೆಂದು ಪ್ಲೇಟೋವಿನಂಥ ಮಹಾ ಪಂಡಿತರು ಆಕ್ಷೇಪಿಸಿದರು, ಕ್ರಿ. ಪೂ. 422ರ ‘ಕಣಜಗಳು’ ನಾಟಕದಲ್ಲಿ ಅರಿಸ್ಟೊಫನೀಸನು ಮುದಿ ಪಂಚರನ್ನು ನಗೆಗೀಡು ಮಾಡಿದನು. ಹೊಟ್ಟೆ ತುಂಬಿದವನು ಹಸಿದವನ ಭತ್ತೆಯನ್ನು ಲಂಚವೆನ್ನುವದು ಯಾವತ್ತೂ ಸುಲಭ. ನನ್ನ ಮಟ್ಟಿಗೆ, ಅಥೆನ್ಸಿನ ಪ್ರಜಾಪ್ರಭುತ್ವವು ನಿಜವಾಗಿ ಹುಟ್ಟಿದ್ದು ಈ ಭತ್ತೆ ಕೈಗೆ ಬಂದ ದಿನ. ಇದಾದ ಬಳಿಕವೂ ಥೀಟನಿಗೆ ಪದವಿ ಸಲ್ಲದೆಂಬ ನಿಯಮವು ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಆದರೆ ಪದವಿಗೆ ನಿಂತವನನ್ನು ವರ್ಗ ಯಾವುದೆಂದು ಕೇಳಿದರೆ ‘ಥೀಟ’ ಎಂದು ಯಾರೂ ಹೇಳುತ್ತಿರಲಿಲ್ಲವಂತೆ! ಅಧಿಕಾರ ಬಂದ ಮೇಲೆ ಶಾಸನವು ತಾನಾಗಿಯೇ ಸತ್ತಿತು.

ಇದಕ್ಕೆ ವಿಪರೀತವಾದ ಪ್ರಮಾಣವೂ ಉಂಟು. 411ರಲ್ಲಿ ಶ್ರೀಮಂತ ಪಕ್ಷದ 400 ಜನರು ರಾಜ್ಯವನ್ನು ಕಸಿದುಕೊಂಡಾಗ ಮೊದಮೊದಲು ಮಾಡಿದ ಕೆಲಸವೇನು? ಪದವಿಗಳ ಭತ್ತೆಯನ್ನು ನಿಲ್ಲಿಸಿದ್ದು. ಹಕ್ಕನ್ನು ಕೊಲ್ಲಲು ಕತ್ತಿ ಬೇಕಿಲ್ಲ, ಅನ್ನವನ್ನು ಕಡಿದರೆ ಸಾಕೆಂಬದು ಅವರಿಗೆ ಚೆನ್ನಾಗಿ ತಿಳಿದಿದ್ದಿತು. ಅವರಿಗೆ ತಲೆಬಾಗದೆ ನಿಂತವರು ಸಾಮೋಸ್ ದ್ವೀಪದಲ್ಲಿದ್ದ ನೌಕಾಬಲದವರು, ಎಂದರೆ ಅದೇ ಹುಟ್ಟು ಹಾಕುವವರು. 404ರಲ್ಲಿ ಸ್ಪಾರ್ಟಾದ ಬಲದಿಂದ ಬಂದ ಮೂವತ್ತು ಜನರು ರಾಜ್ಯದ ಪಾಲನ್ನು 3000 ಜನರಿಗಷ್ಟೆ ಇಟ್ಟು, 1500ಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಕೊಲ್ಲಿಸಿದರು. 403ರಲ್ಲಿ ಪ್ರಜಾಸತ್ತೆಯು ಮರಳಿದಾಗ ಭೂಮಿಯುಳ್ಳವರಿಗೆ ಮಾತ್ರ ಪೌರತ್ವವಿರಲೆಂದು ಫಾರ್ಮಿಸಿಯಸನು ತಂದ ಸೂಚನೆಯನ್ನು ಜನರು ತಿರಸ್ಕರಿಸಿದರು. ಅದರಿಂದ ಹೊರಬೀಳುತ್ತಿದ್ದವರು ಸುಮಾರು 5000.

ಇಷ್ಟು ಹೊಗಳಿ ನಿಲ್ಲಿಸಿದರೆ ನಾನು ಸುಳ್ಳು ಸಾಕ್ಷಿ ನುಡಿದಂತಾದೀತು. ಬಾಗಿಲನ್ನು ಒದ್ದು ಒಳಗೆ ಬಂದ ಅದೇ ಬಡವನು ಒಳಗಿನಿಂದ ಅಗಳಿ ಹಾಕಿಕೊಂಡನು. ತಂದೆತಾಯಿಗಳಿಬ್ಬರೂ ಅಥೆನ್ಸದವರಾಗಿದ್ದರೆ ಮಾತ್ರ ಪೌರನೆಂಬ 451ರ ಶಾಸನವು ಅದೇ ಪೆರಿಕ್ಲೀಸನದು. ಹೆಂಗಸರಿಗೆ ಮತವಿರಲಿಲ್ಲ. ನಗರದ ವ್ಯಾಪಾರವನ್ನು ನಡೆಸಿದ ಪರಸ್ಥಳದವರು ವರ್ಷಕ್ಕೆ 12 ದ್ರಾಕ್ಮಗಳ ತಲೆಗಂದಾಯವನ್ನು ತೆತ್ತರೂ ಸಭೆಯ ಹೊರಗೇ ನಿಂತರು. ಸ್ವತಃ ಅರಿಸ್ಟಾಟಲನೂ ಅವರಲ್ಲೊಬ್ಬನು. ಹಡಗುಗಳನ್ನು ಕಟ್ಟಿಸಿದ ಲಾರಿಯನ್ನಿನ ಬೆಳ್ಳಿಯನ್ನು ಅಗೆದವರು ಗುಲಾಮರು. ನಿಕಿಯಾಸನೆಂಬ ಸೇನಾಪತಿಯು 1000 ಗುಲಾಮರನ್ನು ದಿನಕ್ಕೆ ತಲೆಗೊಂದು ಒಬಲದಂತೆ ಗಣಿಗೆ ಬಾಡಿಗೆಗೆ ಕೊಟ್ಟಿದ್ದನೆಂದು ಕ್ಸೆನೊಫೋನನು ಹೇಳುತ್ತಾನೆ. ಪಂಚನ ಕೈಯಲ್ಲಿ ಮೂರು ಒಬಲ. ಅವನಿಗಾಗಿ ನೆಲದೊಳಗೆ ಸಾಯುವವನ ಬೆಲೆ ಒಂದು! 413ರಲ್ಲಿ ಸ್ಪಾರ್ಟಾದವರು ಡೆಸೆಲಿಯಾದಲ್ಲಿ ಠಾಣೆ ಹಾಕಿದ ಮೇಲೆ 20,000ಕ್ಕೂ ಮಿಕ್ಕಿ ಗುಲಾಮರು ಓಡಿಹೋದರು. ಆ ಪ್ರಜಾಪ್ರಭುತ್ವದ ಮೇಲೆ ಅವರು ಕೊಟ್ಟ ತೀರ್ಪು ಅದು.

ಅಗಳಿಯನ್ನು ಇನ್ನೂ ಬಿಗಿಯಾಗಿ ಹಾಕಿಕೊಂಡ ಸ್ಪಾರ್ಟಾದ ಗತಿಯನ್ನು ನೋಡಿರಿ. ಅಲ್ಲಿ ಸಹಭೋಜನದ ಪಾಲನ್ನು ಕೊಡಲಾರದವನು ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದನು. ಹೊಲ ಉಳುವ ಹೆಲಾಟರ ಮೇಲೆ ಪ್ರತಿವರ್ಷವೂ ಯುದ್ಧವು ಸಾರಲ್ಪಡುತ್ತಿದ್ದಿತು. 480ರಲ್ಲಿ ಸುಮಾರು 8000 ಇದ್ದ ಪೂರ್ಣ ಪೌರರು ಅರಿಸ್ಟಾಟಲನ ಕಾಲಕ್ಕೆ 1000ಕ್ಕೂ ಕೆಳಗಿಳಿದರು. 371ರಲ್ಲಿ ಲ್ಯೂಕ್ಟ್ರದ ರಣದಲ್ಲಿದ್ದ 700 ಜನರಲ್ಲಿ 400 ಜನರು ಬಿದ್ದಾಗ ಆ ರಾಜ್ಯವು ಮತ್ತೆ ಏಳಲಿಲ್ಲ.

ಅಥೆನ್ಸಿನ ಬಡವನ ಅಧಿಕಾರವಾದರೂ ಯಾವ ವಾದದಿಂದಲೂ ಸೋಲಲಿಲ್ಲ. 322ರಲ್ಲಿ ನೌಕಾಬಲವು ಸಮುದ್ರದಲ್ಲಿ ಸೋತು ಮ್ಯಾಸಿಡೋನಿಯದ ಆಂಟಿಪೇಟರನು ಗೆದ್ದಾಗ, 2000 ದ್ರಾಕ್ಮಗಳ ಆಸ್ತಿಯಿಲ್ಲದವರನ್ನೆಲ್ಲ ಅವನು ಪೌರತ್ವದಿಂದ ತಳ್ಳಿದನು. ಒಳಗೆ ಉಳಿದವರು ಸುಮಾರು 9000; ಹೊರಬಿದ್ದವರು ಅವರಿಗಿಂತ ಹೆಚ್ಚು. ಹುಟ್ಟು ಮುರಿದೊಡನೆ ಮತವೂ ಮುರಿಯಿತು.

ಶ್ರೀಮಂತಸತ್ತೆಗೂ ಪ್ರಜಾಸತ್ತೆಗೂ ಇರುವ ನಿಜವಾದ ಭೇದವು ತಲೆಗಳ ಎಣಿಕೆಯಲ್ಲಿಲ್ಲ, ಸಿರಿತನ ಬಡತನಗಳಲ್ಲಿದೆ ಎಂದು ಅರಿಸ್ಟಾಟಲನು ‘ರಾಜನೀತಿ’ಯಲ್ಲಿ ನಿರ್ಣಯಿಸಿದ್ದಾನೆ. ಆದುದರಿಂದ ಶಾಲೆಯಲ್ಲಿ ಗ್ರೀಸ ದೇಶದ ಪಾಠವನ್ನು ಹೇಳುವ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಶಾಸನವನ್ನು ಬರೆದವರು ಯಾರೆಂದು ಮಕ್ಕಳನ್ನು ಕೇಳಿದ ಬಳಿಕ ಇನ್ನೆರಡು ಪ್ರಶ್ನೆಗಳನ್ನು ಕೇಳಿರಿ: ಸಭೆಗೆ ಬಂದು ಕೂಡುವಷ್ಟು ಅನ್ನವು ಯಾರ ಮನೆಯಲ್ಲಿದ್ದಿತು? ಅವರು ಕುಳಿತಿದ್ದಾಗ ಗಣಿಯಲ್ಲಿ ಅಗೆಯುತ್ತಿದ್ದವರು ಯಾರು? ಈ ಪ್ರಶ್ನೆಗಳನ್ನು ಕಲಿತ ಮಗುವು ಯಾವ ರಾಜ್ಯದ ಬಣ್ಣದ ಮಾತಿಗೂ ಬೇಗನೆ ಮರುಳಾಗಲಿಕ್ಕಿಲ್ಲ.